ತಂದೆಯ ಹೆಸರಿಗೆಂದು ಬಿಟ್ಟ ಜಾಗ

ಹೆಣ್ಣು ನೋಡಲು ಬಂದ ಹಿರಿಯರು ನಮ್ಮ ಗಾವಡಗೆರೆ ಸೀಮೆಯಲ್ಲಿ ಕೇಳುವ ಮೊದಲ ಪ್ರಶ್ನೆ ಇಂದಿಗೂ ಒಂದೇ: ಯಾರ ಮಗ, ಯಾವ ಮನೆತನ? ಗೋತ್ರ, ಮನೆದೇವರು, ಗುರುಮಠ ಇವೆಲ್ಲ ಆ ಬಳಿಕದ ಮಾತು. ಮಗುವನ್ನು ಶಾಲೆಗೆ ಸೇರಿಸುವಾಗ, ಜಮೀನಿನ ಖಾತೆ ಬದಲಾಯಿಸುವಾಗ, ಲಗ್ನಪತ್ರಿಕೆ ಅಚ್ಚು ಹಾಕಿಸುವಾಗ, ಕೊನೆಗೆ ಶಿವಗಣಾರಾಧನೆಯ ಆಹ್ವಾನಪತ್ರಿಕೆಯಲ್ಲಿಯೂ ತಂದೆಯ ಹೆಸರಿಗೆಂದು ಒಂದು ಜಾಗ ಇದ್ದೇ ಇರುತ್ತದೆ. ಬಹುಪಾಲು ಜನ ಆ ಜಾಗವನ್ನು ಯೋಚನೆಯೇ ಇಲ್ಲದೆ ತುಂಬುತ್ತಾರೆ. ತುಂಬಲಾರದವರೂ ನಮ್ಮ ನಡುವೆಯೇ ಇದ್ದಾರೆ.

ಹಸುಗೂಸಾಗಿದ್ದಾಗಲೇ ದತ್ತು ಬಂದವರು, ಅನಾಥಾಲಯದಲ್ಲಿ ಬೆಳೆದವರು, ಮದುವೆಯಾಗದ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ ಸೋದರಮಾವನ ಹೆಸರನ್ನೇ ತಂದೆಯ ಹೆಸರೆಂದು ಬರೆಸಿಕೊಂಡವರು, ಹೀಗೆ ಒಬ್ಬೊಬ್ಬರದು ಒಂದೊಂದು ಬಗೆ. ಹಿಂದೆ ಇಂಥವರು ಪ್ರಶ್ನೆ ಕೇಳುತ್ತಿರಲಿಲ್ಲ. ಕೇಳಿದರೂ ಮನೆಯ ಹಿರಿಯರು ಗದರಿಸಿ ಸುಮ್ಮನಾಗಿಸುತ್ತಿದ್ದರು. ಈಗ ಡಿ.ಎನ್.ಎ. ಪರೀಕ್ಷೆ ಬಂದಿದೆ. ಎಂಜಲಿನ ಒಂದು ತೊಟ್ಟಿನಿಂದ ಹೆತ್ತ ತಂದೆಯನ್ನು ಪತ್ತೆಮಾಡಬಹುದೆಂಬ ಸುದ್ದಿ ಹಳ್ಳಿಗಳಿಗೂ ಮುಟ್ಟಿದೆ. ಮಠದ ಪಾಠಶಾಲೆಯಲ್ಲಿ ಓದಿ ಹಳೆಯ ಕಡತಗಳ ನಡುವೆಯೇ ಬಾಳು ಸವೆಸಿದ ನಮ್ಮನ್ನು ಈ ಕುರಿತು ವಿಚಾರಿಸುವ ಗೃಹಸ್ಥರು ಹೆಚ್ಚುತ್ತಿದ್ದಾರೆ. ಆದುದರಿಂದ ಈ ವಿಷಯವನ್ನು ನಮ್ಮ ಪತ್ರಿಕೆಯ ಓದುಗ ಬಂಧುಗಳ ಮುಂದಿಡುವುದು ಉಚಿತವೆಂದು ತೋರಿತು.

ಮೊದಲು ನಮ್ಮ ಧರ್ಮದ ನಿಲುವನ್ನು ಸ್ಪಷ್ಟಪಡಿಸಿಕೊಳ್ಳೋಣ. ದೀಕ್ಷೆಯನ್ನು ಪಡೆದವನು ಗುರುವಿನ ಕರಕಮಲದಲ್ಲಿ ಮತ್ತೆ ಹುಟ್ಟಿದವನೆಂಬುದು ನಮ್ಮ ಆಚಾರ. ಅಲ್ಲಿಂದ ಮುಂದೆ ಗುರುವೇ ತಂದೆ. ಮಠಾಧಿಪತಿಗಳು ಪೂರ್ವಾಶ್ರಮದ ತಂದೆಯ ಹೆಸರನ್ನು ಬಿಟ್ಟು ಗುರುಪರಂಪರೆಯ ಹೆಸರಿನಿಂದ ಗುರುತಿಸಲ್ಪಡುವುದು ಇದೇ ಕಾರಣಕ್ಕೆ. ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಬಸವಣ್ಣನವರು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಮೊದಲಾದ ಶರಣರನ್ನೇ ತಮ್ಮ ಹೆತ್ತವರು, ಬಂಧುಗಳು ಎಂದು ಸಾರಿಕೊಂಡದ್ದನ್ನು ವಚನಗಳನ್ನು ಬಲ್ಲ ಎಲ್ಲರೂ ಅರಿತಿದ್ದಾರೆ. ತಂದೆ ಯಾರೆಂದು ತಿಳಿಯದ ಮಗುವಿಗೆ ಲಿಂಗಧಾರಣೆಯಲ್ಲಿ, ಪಂಕ್ತಿಯಲ್ಲಿ, ಗೌರವದಲ್ಲಿ ಯಾವ ಕೊರತೆಯೂ ಇರತಕ್ಕದ್ದಲ್ಲ. ಇದರಲ್ಲಿ ಎರಡು ಮಾತಿಲ್ಲ.

ಆದರೆ ಇದೇ ತತ್ತ್ವವನ್ನು ಬಾಯಿ ಮುಚ್ಚಿಸುವ ಸಾಧನವನ್ನಾಗಿ ಮಾಡಿಕೊಂಡವರೂ ಉಂಟು. “ಗುರುವೇ ತಂದೆ, ಇನ್ನು ಬೇರೆ ತಂದೆ ಯಾಕೆ ಬೇಕು ನಿನಗೆ?” ಎಂದು ಪ್ರಶ್ನಿಸಿದ ಮಗುವನ್ನೇ ಅಪರಾಧಿಯಂತೆ ನಿಲ್ಲಿಸುತ್ತಾರೆ. ಇದನ್ನು ನಾವು ಒಪ್ಪಲಾರೆವು. ಹುಟ್ಟಿನಿಂದ ಯಾರನ್ನೂ ಕೀಳೆಂದು ತೂಗಬಾರದೆಂದು ಶರಣರು ಹೇಳಿದರೇ ಹೊರತು ತನ್ನ ಹುಟ್ಟನ್ನು ಅರಿಯಬಾರದೆಂದು ಹೇಳಲಿಲ್ಲ. ಹಾಗೆ ಹೇಳುವವರೇ ಮಗಳ ಮದುವೆಯ ಮಾತು ಬಂದಾಗ ಎದುರು ಮನೆಯವರ ಮೂರು ತಲೆಮಾರನ್ನು ಜಾಲಾಡುವುದನ್ನು ನಾವು ಕಂಡಿದ್ದೇವೆ.

ಇನ್ನು ವಿಜ್ಞಾನದ ಕಡೆಗೆ ಬರೋಣ. ಒಬ್ಬೊಬ್ಬ ಮನುಷ್ಯನ ಡಿ.ಎನ್.ಎ. ಬೆರಳಚ್ಚಿನಂತೆ ಬೇರೆಬೇರೆಯಾಗಿರುತ್ತದೆಂಬುದನ್ನು ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾನಿಲಯದ ಅಲೆಕ್ ಜೆಫ್ರೀಸ್ ಎಂಬ ವಿಜ್ಞಾನಿ ೧೯೮೪ರಲ್ಲಿ ಕಂಡುಕೊಂಡರು. ಕೆಲವೇ ವರ್ಷಗಳಲ್ಲಿ ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದಲ್ಲಿ ಡಾ. ಲಾಲ್‌ಜಿ ಸಿಂಗ್ ಅವರು ನಮ್ಮ ದೇಶದ್ದೇ ಆದ ವಿಧಾನವನ್ನು ರೂಪಿಸಿದರು. ಭಾರತದ ನ್ಯಾಯಾಲಯದಲ್ಲಿ ಅದು ಮೊದಲು ಪರೀಕ್ಷೆಗೆ ನಿಂತದ್ದು ದೆಹಲಿಯಲ್ಲೂ ಅಲ್ಲ, ಮುಂಬಯಿಯಲ್ಲೂ ಅಲ್ಲ. ನಮ್ಮ ಹುಣಸೂರಿನಿಂದ ಹೊರಟು ಕೊಡಗನ್ನು ದಾಟಿ, ವಿರಾಜಪೇಟೆಯ ಘಟ್ಟವಿಳಿದರೆ ಸಿಗುವ ಕೇರಳದ ತಲಶ್ಶೇರಿಯಲ್ಲಿ. ಶುಂಠಿ, ಮೆಣಸು ತುಂಬಿದ ಲಾರಿಗಳು ಓಡಾಡುವ ಆ ದಾರಿ ನಮ್ಮವರಿಗೆ ಚಿರಪರಿಚಿತ.

ಅಲ್ಲಿ ನಡೆದದ್ದು ಇಷ್ಟು. ಒಬ್ಬ ಬಡ ಹೆಣ್ಣುಮಗಳು ತನ್ನ ಗಂಡುಮಗುವಿನ ಜೀವನಾಂಶಕ್ಕಾಗಿ ನ್ಯಾಯಾಲಯದ ಮೆಟ್ಟಿಲೇರಿದಳು. ಆಕೆ ಹೆಸರಿಸಿದ ಪುರುಷ, ಮಗು ತನ್ನದಲ್ಲವೆಂದು ಸಾಧಿಸಿದ. ತಾಯಿ, ಮಗು, ಆ ಪುರುಷ ಮೂವರ ರಕ್ತವೂ ಹೈದರಾಬಾದಿಗೆ ಹೋಯಿತು. ಆ ಕಾಲದ ವಿಧಾನದಲ್ಲಿ ಡಿ.ಎನ್.ಎ.ಯ ತುಣುಕುಗಳು ಎಕ್ಸ್‌ರೇ ಹಾಳೆಯ ಮೇಲೆ ಅಡ್ಡಪಟ್ಟಿಗಳಾಗಿ ಮೂಡುತ್ತಿದ್ದವು. ಮಗುವಿನ ಪಟ್ಟಿಗಳಲ್ಲಿ ತಾಯಿಯವುಗಳೊಡನೆ ಹೊಂದುವುವನ್ನು ಗುರುತುಹಾಕಿ ಬದಿಗಿಟ್ಟರೆ ಉಳಿಯುವುವೆಲ್ಲ ತಂದೆಯಿಂದಲೇ ಬಂದಿರಬೇಕು. ಉಳಿದ ಪಟ್ಟಿಗಳು ಆ ಪುರುಷನವುಗಳೊಡನೆ ಸರಿಹೊಂದಿದವು. ಡಾ. ಲಾಲ್‌ಜಿ ಸಿಂಗ್ ಅವರು ಸಾಕ್ಷ್ಯ ನುಡಿದರು; ತಲಶ್ಶೇರಿಯ ಮುಖ್ಯ ನ್ಯಾಯಿಕ ದಂಡಾಧಿಕಾರಿಗಳು ಅದನ್ನು ಒಪ್ಪಿದರು; ೧೯೯೧ರಲ್ಲಿ ಕೇರಳ ಹೈಕೋರ್ಟು ಆ ತೀರ್ಮಾನವನ್ನು ಎತ್ತಿಹಿಡಿಯಿತು. ಊರೆಲ್ಲ ಸೇರಿ ಸುಳ್ಳುಗಾತಿಯೆಂದು ಕರೆಯಬಹುದಾಗಿದ್ದ ಒಬ್ಬ ತಾಯಿಯ ಮಾತು ನಿಜವೆಂದು ಒಂದು ಹಾಳೆ ಹೇಳಿತು. ಈ ವಿದ್ಯೆಯ ಬಗ್ಗೆ ನಮಗೆ ಗೌರವ ಮೂಡಿದ್ದು ಇಲ್ಲಿಂದಲೇ.

ಆದರೆ ತಲಶ್ಶೇರಿಯ ತಾಯಿಗೆ ತಂದೆ ಯಾರೆಂದು ಗೊತ್ತಿತ್ತು. ಬೇಕಾಗಿದ್ದುದು ರುಜುವಾತು ಮಾತ್ರ. ಹೆಸರೇ ಗೊತ್ತಿಲ್ಲದ ತಂದೆಯನ್ನು ಹುಡುಕುವುದು ಬೇರೆಯೇ ಕೆಲಸ. ಈ ಎರಡರ ಅಂತರವನ್ನು ಅರಿಯದೆ ಹಣ ಕಳೆದುಕೊಳ್ಳುವವರು ಬಹಳ.

ಮಗು ತನ್ನ ಡಿ.ಎನ್.ಎ.ಯ ಅರ್ಧ ಪಾಲನ್ನು ತಾಯಿಯಿಂದಲೂ ಅರ್ಧ ಪಾಲನ್ನು ತಂದೆಯಿಂದಲೂ ಪಡೆಯುತ್ತದೆ. ಅಜ್ಜ, ದೊಡ್ಡಪ್ಪ, ಚಿಕ್ಕಪ್ಪ, ಒಬ್ಬ ತಂದೆಗೆ ಬೇರೆ ತಾಯಿಯಲ್ಲಿ ಹುಟ್ಟಿದ ಅಣ್ಣತಮ್ಮ, ಇವರೊಡನೆ ಸುಮಾರು ಕಾಲು ಪಾಲು ಹೊಂದುತ್ತದೆ. ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳೊಡನೆ ಸರಾಸರಿ ಎಂಟನೆಯ ಒಂದು ಪಾಲು, ಅವರಿಂದಾಚೆಗೆ ಇನ್ನೂ ಕಡಿಮೆ. ಅಮೆರಿಕ, ಯೂರೋಪುಗಳಲ್ಲಿ ಲಕ್ಷಾಂತರ ಜನ ತಾವಾಗಿಯೇ ಕಂಪೆನಿಗಳಿಗೆ ಎಂಜಲಿನ ಮಾದರಿ ಕೊಟ್ಟಿರುವುದರಿಂದ ಅಲ್ಲಿ ಹುಡುಕುವವನಿಗೆ ಯಾರೋ ಒಬ್ಬ ದಾಯಾದಿ ಸಿಕ್ಕೇ ಸಿಗುತ್ತಾನೆ. ಆ ದಾಯಾದಿಯ ವಂಶವೃಕ್ಷವನ್ನು ಮೇಲಕ್ಕೆ ಹತ್ತಿ, ಮತ್ತೆ ಕೆಳಕ್ಕಿಳಿದು, ಆ ವರ್ಷ ಆ ಊರಿನಲ್ಲಿದ್ದ ಗಂಡಸು ಯಾರೆಂದು ಜರಡಿ ಹಿಡಿಯುತ್ತಾರೆ. ಡಿ.ಎನ್.ಎ. ತೋರಿಸುವುದು ನೆಂಟಸ್ತಿಕೆಯನ್ನು, ಹೆಸರನ್ನು ಕೊಡುವುದು ಕಡತ. ಎರಡೂ ಜೊತೆಗೂಡದೆ ಕೆಲಸ ಸಾಗದು.

ನಮ್ಮ ಸೀಮೆಯಲ್ಲಿ ಇದಕ್ಕೆ ಮೂರು ತೊಡಕುಗಳಿವೆ. ಆ ಕಂಪೆನಿಗಳ ಬಳಿ ಮಾದರಿ ಕೊಟ್ಟವರಲ್ಲಿ ನಮ್ಮ ಹಳ್ಳಿಗಳವರು ಬಲು ವಿರಳ. ಸಿಕ್ಕರೆ ಅಮೆರಿಕಕ್ಕೆ ಹೋದ ಯಾರೋ ದೂರದ ಸಂಬಂಧಿ ಸಿಗಬಹುದು. ಅಷ್ಟರಿಂದ ತಂದೆಯವರೆಗೆ ತಲುಪುವುದು ದುಸ್ತರ. ಇನ್ನೊಂದು, ತಂದೆಯಿಂದ ಮಗನಿಗೆ ಬಹುತೇಕ ಬದಲಾಗದೆ ಇಳಿದುಬರುವ ವೈ ಎಂಬ ವರ್ಣತಂತುವಿನ ಮಾತು. ಪಶ್ಚಿಮದ ದೇಶಗಳಲ್ಲಿ ಮನೆತನದ ಹೆಸರೂ ಹಾಗೆಯೇ ತಂದೆಯಿಂದ ಮಗನಿಗೆ ಇಳಿಯುವುದರಿಂದ ಒಂದು ಇನ್ನೊಂದಕ್ಕೆ ಸಾಕ್ಷಿಯಾಗುತ್ತದೆ. ಉತ್ತರ ಕರ್ನಾಟಕದ ಅಡ್ಡಹೆಸರಿನವರಿಗೆ ಇದರಿಂದ ಸ್ವಲ್ಪ ಅನುಕೂಲ ಉಂಟು. ಹಳೆಯ ಮೈಸೂರಿನವರಾದ ನಮ್ಮ ಹೆಸರಿನ ಮುಂದೆ ಊರಿನ ಒಂದಕ್ಷರ, ತಂದೆಯ ಒಂದಕ್ಷರ. ತಲೆಮಾರು ಬದಲಾದರೆ ಅಕ್ಷರವೂ ಬದಲಾಯಿತು! ಹೆಣ್ಣುಮಕ್ಕಳಲ್ಲಂತೂ ಈ ವರ್ಣತಂತು ಇರುವುದೇ ಇಲ್ಲವಾದ್ದರಿಂದ ಅವರು ಹುಡುಕಹೊರಟರೆ ಈ ದಾರಿ ಮುಚ್ಚಿದಂತೆಯೇ.

ಮೂರನೆಯದು ನಮ್ಮ ಸೋದರಿಕೆಯ ಮದುವೆ. ಅಕ್ಕನ ಮಗಳನ್ನು, ಅತ್ತೆಯ ಮಗಳನ್ನು ತರುವ ಪದ್ಧತಿ ನಮ್ಮಲ್ಲಿ ತಲೆತಲಾಂತರದ್ದು. ೧೯೮೦ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಹೆರಿಗೆ ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಅಧ್ಯಯನವೊಂದರಲ್ಲಿ ಮೂರು ಮದುವೆಗಳಲ್ಲಿ ಸುಮಾರು ಒಂದು ರಕ್ತಸಂಬಂಧದೊಳಗಿನದೆಂದು ಕಂಡುಬಂದಿತ್ತು. ಹೀಗೆ ನೂರಾರು ವರ್ಷ ಒಳಗೊಳಗೇ ಬೆಸೆದುಕೊಂಡ ಜನರಲ್ಲಿ ದೂರದ ನೆಂಟನೂ ಡಿ.ಎನ್.ಎ. ಲೆಕ್ಕದಲ್ಲಿ ಹತ್ತಿರದವನಂತೆ ತೋರುತ್ತಾನೆ. ವಿದೇಶೀ ಕಂಪೆನಿ “ಇವನು ನಿನ್ನ ದೊಡ್ಡಪ್ಪನ ಮಗ” ಎಂದರೆ, ಅವನು ಮುತ್ತಜ್ಜನ ಕಾಲದಲ್ಲಿ ಎರಡು ಕಡೆಯಿಂದ ಕೂಡಿಕೊಂಡ ಬೀಗನಿರಬಹುದು. ಅಣ್ಣತಮ್ಮಂದಿರಲ್ಲಿ ತಂದೆ ಯಾರೆಂಬ ಪ್ರಶ್ನೆ ಎದ್ದರಂತೂ ಪ್ರಯೋಗಾಲಯದವರಿಗೆ ಮುಂಚಿತವಾಗಿಯೇ ತಿಳಿಸದಿದ್ದರೆ ತಪ್ಪು ತೀರ್ಮಾನಕ್ಕೆ ಎಡೆಯಾಗುತ್ತದೆ.

ಅಲ್ಲದೆ ಕಂಪೆನಿಗೆ ಒಪ್ಪಿಸಿದ ಮಾದರಿ ಒಬ್ಬನದೇ ಗುಟ್ಟಲ್ಲ, ಇಡೀ ಮನೆತನದ್ದು. ಟ್ವೆಂಟಿತ್ರೀ ಅಂಡ್ ಮೀ ಎಂಬ ಅಮೆರಿಕದ ಹೆಸರಾಂತ ಕಂಪೆನಿಯಿಂದ ೨೦೨೩ರಲ್ಲಿ ಸುಮಾರು ೬೯ ಲಕ್ಷ ಜನರ ವಿವರಗಳು ಕಳುವಾದವು. ೨೦೨೫ರ ಮಾರ್ಚಿಯಲ್ಲಿ ಅದೇ ಕಂಪೆನಿ ದಿವಾಳಿ ಅರ್ಜಿ ಹಾಕಿತು. ಅಂಗಡಿ ಮುಚ್ಚಿದರೆ ಸರಕು ಯಾರ ಪಾಲಾಗುತ್ತದೆಂದು ಯೋಚಿಸಿ ಮುಂದುವರಿಯುವುದು ಲೇಸು.

ಹೀಗಿರುವಾಗ ನಮ್ಮವರಿಗೆ ಡಿ.ಎನ್.ಎ.ಗಿಂತ ಮೊದಲು ಕೈಹಿಡಿಯುವುದು ಹಳೆಯ ದಾಖಲೆಗಳೇ. ಅವುಗಳ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳುವುದಕ್ಕೆ ಓದುಗರು ಅನುಮತಿ ನೀಡಬೇಕು. ಇದು ನಮ್ಮ ಪ್ರೀತಿಯ ವಿಷಯ.

ಜನನ ಮರಣ ನೋಂದಣಿ ಕಾಯಿದೆ ೧೯೬೯ರದು. ನಮ್ಮ ರಾಜ್ಯದಲ್ಲಿ ಅದು ಜಾರಿಗೆ ಬಂದದ್ದು ೧೯೭೦ರಲ್ಲಿ. ಅದಕ್ಕೂ ಹಿಂದೆ ಹಳ್ಳಿಗಳಲ್ಲಿ ಹುಟ್ಟುಸಾವುಗಳನ್ನು ಗುರುತುಮಾಡುವ ಕೆಲಸ ಪಟೇಲ, ಶಾನುಭೋಗರ ಮೇಲಿತ್ತು. ಅವರ ವಂಶಪಾರಂಪರ್ಯದ ಹುದ್ದೆಗಳು ೧೯೬೧ರ ಕಾಯಿದೆಯಿಂದ ರದ್ದಾದವು. ಆಗ ಕೆಲವು ಪುಸ್ತಕಗಳು ತಾಲ್ಲೂಕು ಕಚೇರಿಗೆ ಹೋದವು, ಕೆಲವು ಶಾನುಭೋಗರ ಮನೆಯ ಅಟ್ಟದಲ್ಲೇ ಗೆದ್ದಲಿಗೆ ಆಹಾರವಾದವು. ಆದ್ದರಿಂದ ೧೯೭೦ಕ್ಕಿಂತ ಮುಂಚೆ ಹುಟ್ಟಿದವರು ಜನನಪತ್ರವನ್ನೇ ನೆಚ್ಚಿ ಕೂರಬಾರದು. ಶಾಲೆಯ ಅಡ್ಮಿಷನ್ ರಿಜಿಸ್ಟರು ಅದಕ್ಕಿಂತ ಗಟ್ಟಿಯಾದ ಆಧಾರ. ಅದನ್ನು ಶಾಶ್ವತ ದಾಖಲೆಯಾಗಿ ಕಾಪಾಡುತ್ತಾರೆ. ತಂದೆಯ ಹೆಸರು ಅಲ್ಲಿ ಸುಳ್ಳೇ ಇದ್ದರೂ, ಮಗುವನ್ನು ಕರೆತಂದು ಸೇರಿಸಿದವರು ಯಾರು, ಸಹಿ ಅಥವಾ ಹೆಬ್ಬೆಟ್ಟು ಯಾರದು ಎಂಬುದನ್ನು ನೋಡಬೇಕು. ಮಠಗಳ ಉಚಿತ ವಿದ್ಯಾರ್ಥಿನಿಲಯಗಳಲ್ಲಿ ಓದಿದವರಿಗೂ ಇದೇ ಮಾತು ಅನ್ವಯಿಸುತ್ತದೆ. ಪೋಷಕರೆಂದು ನಮೂದಾದ ಹೆಸರು ಎಷ್ಟೋ ಸಲ ಬಾಯಿಬಿಡದ ಹಿರಿಯನೊಬ್ಬನ ಕಡೆಗೆ ಬೆರಳು ತೋರಿಸುತ್ತದೆ.

ಜಮೀನಿನ ಕಾಗದಗಳು ಇನ್ನೂ ಹೆಚ್ಚು ಮಾತಾಡುತ್ತವೆ. ಮನೆಯ ಯಜಮಾನ ತೀರಿಕೊಂಡಾಗ ಪೌತಿ ಖಾತೆಗಾಗಿ ವಂಶವೃಕ್ಷ ಬರೆಸುತ್ತಾರಷ್ಟೆ. ಅದನ್ನು ದೃಢೀಕರಿಸುವ ಗ್ರಾಮಲೆಕ್ಕಿಗರನ್ನು ಈಗ ಗ್ರಾಮ ಆಡಳಿತ ಅಧಿಕಾರಿ ಎಂದು ಕರೆಯುತ್ತಾರೆ. ಹೆಸರು ಬದಲಾಗಿದೆ, ಕೆಲಸ ಅದೇ. ಹಳೆಯ ಮ್ಯುಟೇಷನ್ ಪುಸ್ತಕಗಳಲ್ಲಿ, ವಿಭಾಗಪತ್ರಗಳಲ್ಲಿ, ಯಾವ ಸಂಬಂಧವನ್ನೂ ಹೇಳದೆ ಒಬ್ಬ ಹೆಂಗಸಿಗೆ ಹತ್ತು ಗುಂಟೆ ಬಿಟ್ಟುಕೊಟ್ಟ ದಾನಪತ್ರಗಳಲ್ಲಿ, ಜನ ಬಾಯಲ್ಲಿ ಆಡದ ಸತ್ಯ ಮುದ್ರೆಯೊತ್ತಿಸಿಕೊಂಡು ಕುಳಿತಿರುವುದುಂಟು. ದಾನಪತ್ರದಲ್ಲಿ ಕಾರಣ ಬರೆದಿರುವುದಿಲ್ಲ. ಆದರೆ ಕಾರಣವಿಲ್ಲದೆ ಜಮೀನು ಬಿಟ್ಟುಕೊಡುವವನನ್ನು ನಾವು ಹುಣಸೂರು ತಾಲ್ಲೂಕಿನಲ್ಲಿ ಈವರೆಗೆ ಕಂಡಿಲ್ಲ.

ಊರುಗಳ ಹೆಸರಿನಲ್ಲಿಯೂ ಎಚ್ಚರ ಬೇಕು. ಇಂದಿನ ಕೃಷ್ಣರಾಜನಗರ ತಾಲ್ಲೂಕು ಹಳೆಯ ಕಡತಗಳಲ್ಲಿ ಎಡತೊರೆ ತಾಲ್ಲೂಕು. ಈಚಿನ ವರ್ಷಗಳಲ್ಲಿ ಹೆಗ್ಗಡದೇವನಕೋಟೆಯಿಂದ ಸರಗೂರು, ಕೃಷ್ಣರಾಜನಗರದಿಂದ ಸಾಲಿಗ್ರಾಮ ಬೇರೆ ತಾಲ್ಲೂಕುಗಳಾಗಿವೆ. ಬೀಚನಹಳ್ಳಿಯಲ್ಲಿ ಕಬಿನಿಗೆ ಕಟ್ಟಿದ ಅಣೆಕಟ್ಟು ೧೯೭೪ರಲ್ಲಿ ಮುಗಿದಾಗ ಹಿನ್ನೀರಿನಲ್ಲಿ ಹಳ್ಳಿಗಳೇ ಮುಳುಗಿದವು. ಅಲ್ಲಿಯ ಜನ ಬೇರೆ ಬೇರೆ ಕಡೆ ನೆಲೆ ನಿಂತರು. ತಾಯಿಯ ನೆನಪಿನಲ್ಲಿರುವ ಊರು ಇಂದಿನ ನಕ್ಷೆಯಲ್ಲಿ ಇಲ್ಲವೆಂದ ಮಾತ್ರಕ್ಕೆ ತಾಯಿ ಸುಳ್ಳು ಹೇಳಿದಳೆಂದು ತಿಳಿಯಬಾರದು. ಹೆರಿಗೆ ಮೈಸೂರಿನಲ್ಲಿ ಆಗಿದ್ದರೆ ಚೆಲುವಾಂಬ ಆಸ್ಪತ್ರೆ, ಮಿಷನ್ ಆಸ್ಪತ್ರೆಗಳನ್ನು ವಿಚಾರಿಸುವುದು, ನಗರಸಭೆಯ ಜನನ ದಾಖಲೆಯನ್ನು ತಿಥಿವಾರು ನೋಡಿಸುವುದು ಯೋಗ್ಯ.

ಬರೆಹಕ್ಕಿಂತ ಹಿಂದಿನ ದಾಖಲೆಯೂ ನಮ್ಮಲ್ಲಿತ್ತು. ಎತ್ತಿನ ಮೇಲೆ ಕುಳಿತು, ಗಂಟೆ ನುಡಿಸುತ್ತ, ಕಣಕ್ಕೂ ಮನೆಬಾಗಿಲಿಗೂ ಬಂದು ವಂಶಾವಳಿಯನ್ನು ಹಾಡಿ ಹೇಳುತ್ತಿದ್ದ ಹೆಳವರನ್ನು ಹಿರಿಯ ಓದುಗರು ಮರೆತಿರಲಾರರು. ಒಕ್ಕಲು ಮನೆತನಗಳ ಹೆಸರುಗಳನ್ನು ತಲೆಮಾರುಗಳಿಂದ ಅವರು ಕಾಪಾಡಿಕೊಂಡು ಬಂದರು; ದವಸ, ಬಟ್ಟೆ ಪಡೆದು ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು ಹೋಗುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಈ ವೃತ್ತಿ ಇನ್ನೂ ಅಲ್ಲಲ್ಲಿ ಉಸಿರಾಡುತ್ತಿದೆ. ಆದರೆ ಹೆಳವ ಬರೆದುಕೊಳ್ಳುತ್ತಿದ್ದುದು ಯಜಮಾನ ಹೇಳಿದ ಹೆಸರನ್ನು ಮಾತ್ರ. ಯಜಮಾನ ಹೇಳದ ಮಗು ಆ ವಂಶಾವಳಿಯಲ್ಲಿ ಹುಟ್ಟಲೇ ಇಲ್ಲ. ಯಾವ ಕಡತವನ್ನು ತೆರೆದರೂ ಈ ಮಿತಿ ಉಂಟು.

ನ್ಯಾಯಾಲಯಕ್ಕೆ ಹೋದರೆ ಡಿ.ಎನ್.ಎ. ಪರೀಕ್ಷೆಗೆ ಆಜ್ಞೆ ಸಿಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸಿಕ್ಕದ್ದೂ ಉಂಟು, ಸಿಗದೆ ಹೋದದ್ದೂ ಉಂಟು. ಉತ್ತರ ಪ್ರದೇಶ, ಉತ್ತರಾಖಂಡಗಳ ಮುಖ್ಯಮಂತ್ರಿಯಾಗಿದ್ದ ಎನ್.ಡಿ. ತಿವಾರಿಯವರೇ ತನ್ನ ತಂದೆಯೆಂದು ರೋಹಿತ್ ಶೇಖರ್ ಎಂಬ ಯುವಕ ೨೦೦೮ರಲ್ಲಿ ದೆಹಲಿ ಹೈಕೋರ್ಟಿಗೆ ಹೋದದ್ದು ಪತ್ರಿಕೆ ಓದುವ ಎಲ್ಲರಿಗೂ ನೆನಪಿರಬಹುದು. ವರ್ಷಗಟ್ಟಲೆ ಹೋರಾಟವಾಗಿ, ೨೦೧೨ರಲ್ಲಿ ರಕ್ತದ ಮಾದರಿ ತೆಗೆದು, ಅವನ ಮಾತೇ ನಿಜವೆಂದು ವರದಿ ಬಂದಿತು. ೨೦೧೪ರಲ್ಲಿ ತಿವಾರಿಯವರು ಅವನನ್ನು ಮಗನೆಂದು ಒಪ್ಪಿದರು. ಅವನ ತಾಯಿಯನ್ನು ಮದುವೆಯೂ ಆದರು. ಆಗ ಅವರ ವಯಸ್ಸು ಎಂಬತ್ತೆಂಟು!

ಇದಕ್ಕೆ ವ್ಯತಿರಿಕ್ತವಾದದ್ದು ಕೊಚ್ಚಿಯ ಪ್ರಕರಣ. ದಾಂಪತ್ಯದೊಳಗೆ ಹುಟ್ಟಿದ ತರುಣನೊಬ್ಬ ಬೇರೊಬ್ಬರು ತನ್ನ ನಿಜವಾದ ತಂದೆಯೆಂದು ವಾದಿಸಿದ. ೨೦೨೫ರ ಜನವರಿ ೨೮ರಂದು ಸುಪ್ರೀಂ ಕೋರ್ಟು ಆ ಪರೀಕ್ಷೆಗೆ ಒಪ್ಪಲಿಲ್ಲ. ಮದುವೆ ಊರ್ಜಿತವಾಗಿರುವಾಗ ಹುಟ್ಟಿದ ಮಗು ಆ ಗಂಡನದೇ ಎಂಬ ನಿಯಮ ೧೮೭೨ರ ಸಾಕ್ಷ್ಯ ಕಾಯಿದೆಯ ೧೧೨ನೆಯ ಕಲಮಿನಲ್ಲಿತ್ತು. ೨೦೨೪ರ ಜುಲೈಯಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ೧೧೬ನೆಯ ಕಲಮಾಗಿ ಮುಂದುವರಿದಿದೆ. ಆ ಕಾಲದಲ್ಲಿ ಗಂಡಹೆಂಡಿರಿಗೆ ಪರಸ್ಪರ ಸಂಪರ್ಕವೇ ಇರಲಿಲ್ಲವೆಂದು ತೋರಿಸದ ಹೊರತು ಅದು ಸಡಿಲವಾಗದು. ಹೊರಗಿನ ವ್ಯಕ್ತಿಯನ್ನು ಬಲವಂತವಾಗಿ ಪರೀಕ್ಷೆಗೆ ಎಳೆದರೆ ಅವನ ಮಾನಕ್ಕೂ, ಮಗುವಿನ ತಾಯಿಯ ಮಾನಕ್ಕೂ ಕುಂದು ಬರುತ್ತದೆಂಬುದು ನ್ಯಾಯಾಲಯದ ಅಭಿಪ್ರಾಯ. ಮಗನ ಸಂಕಟ ನಮಗೆ ಅರ್ಥವಾಗುತ್ತದೆ. ಆದರೂ ಈ ತೀರ್ಪಿನ ಹಿಂದಿರುವ ವಿವೇಕವನ್ನು ತಳ್ಳಿಹಾಕಲಾರೆವು. ಎಲ್ಲ ಸಂಶಯಕ್ಕೂ ಪರೀಕ್ಷೆ ಎಂದಾದರೆ ಹೆಂಡತಿಯನ್ನು ಅವಮಾನಪಡಿಸಲು ಬಯಸುವ ಗಂಡಂದಿರು ಮೊದಲು ಸಾಲುಗಟ್ಟಿ ನಿಲ್ಲುತ್ತಾರೆ.

ದತ್ತು ಮಕ್ಕಳ ವಿಷಯ ಹೇಳದಿದ್ದರೆ ಲೇಖನ ಅಪೂರ್ಣವಾಗುತ್ತದೆ. ೧೯೫೬ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ ವೀರಶೈವರಿಗೂ ಲಿಂಗಾಯತರಿಗೂ ಅನ್ವಯಿಸುತ್ತದೆಂದು ಕಾಯಿದೆಯಲ್ಲಿಯೇ ಹೆಸರಿಸಿ ಬರೆದಿದೆ. ದತ್ತು ಹೋದ ದಿನದಿಂದ ಹೆತ್ತ ಮನೆಯ ಸಂಬಂಧವೆಲ್ಲ ಕಡಿದುಹೋಗುತ್ತದೆ. ಹೊಸ ಮನೆಯವರೇ ಎಲ್ಲಕ್ಕೂ ತಂದೆತಾಯಿ. ಆದರೆ ಒಂದು ಎಳೆಯನ್ನು ಮಾತ್ರ ಕಾಯಿದೆ ಕಡಿಯದೆ ಉಳಿಸಿದೆ. ಹೆತ್ತ ಮನೆಯಲ್ಲಿಯೇ ಉಳಿದಿದ್ದರೆ ಯಾರನ್ನು ಮದುವೆಯಾಗಲು ಬರುತ್ತಿರಲಿಲ್ಲವೋ ಅವರನ್ನು ದತ್ತು ಹೋದ ಬಳಿಕವೂ ಆಗುವಂತಿಲ್ಲ. ಈ ಮಾತನ್ನು ಗೃಹಸ್ಥರು ಗಮನವಿಟ್ಟು ಓದಬೇಕು. ಹೆತ್ತವರು ಯಾರೆಂದೇ ತಿಳಿಯದವನು ಈ ನಿಯಮವನ್ನು ಪಾಲಿಸುವುದಾದರೂ ಹೇಗೆ? ಸುತ್ತಲ ನಾಲ್ಕು ತಾಲ್ಲೂಕುಗಳೊಳಗೇ ಹೆಣ್ಣು ತಂದು ಹೆಣ್ಣು ಕೊಡುವ ನಮ್ಮಂಥವರಲ್ಲಿ, ಅರಿಯದೆ ಒಂದೇ ತಂದೆಯ ಮಕ್ಕಳು ಹಸೆಮಣೆ ಏರುವ ಅಪಾಯ ಕಲ್ಪನೆಯ ಮಾತಲ್ಲ. ತಂದೆಯ ಕಡೆಯಿಂದ ಬರಬಹುದಾದ ತಲಸೇಮಿಯಾದಂಥ ರಕ್ತದ ಕಾಯಿಲೆಗಳ ವಿಷಯವೂ ಹಾಗೆಯೇ. ವೈದ್ಯರು ಮೊದಲು ಕೇಳುವುದು ಮನೆಯಲ್ಲಿ ಯಾರಿಗಿತ್ತೆಂದು.

ಸಂಸ್ಥೆಗಳ ಮೂಲಕ ದತ್ತು ಬಂದವರಿಗೆ ಸರಕಾರದ ದತ್ತಕ ನಿಯಮಗಳು, ೨೦೨೨ರ ಪರಿಷ್ಕರಣೆಯೂ ಸೇರಿ, ಮೂಲ ಹುಡುಕುವ ಅವಕಾಶ ಕೊಟ್ಟಿವೆ. ಹದಿನೆಂಟು ತುಂಬಿದವರು ತಾವೇ ಕೋರಬಹುದು, ಬೇರೆಯವರು ಅವರ ಪರವಾಗಿ ಹುಡುಕುವಂತಿಲ್ಲ. ಹೆತ್ತವರ ಗೋಪ್ಯತೆಗೆ ಭಂಗ ಬರಬಾರದೆಂಬ ಷರತ್ತೂ ಇದೆ. ಹೆತ್ತವರು ಒಪ್ಪದಿದ್ದರೆ ಹೆಸರು ಸಿಗದು; ಮಗು ಯಾವ ಸ್ಥಿತಿಯಲ್ಲಿ, ಎಲ್ಲಿಂದ ಬಂತೆಂಬಷ್ಟು ತಿಳಿದೀತು. ಬಾಗಿಲಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಮಗುವಾದರೂ ಅಷ್ಟೇ.

ಹೀಗೆ ಒಂದು ಕಡೆ ಮಗುವಿನ ತಿಳಿಯುವ ಹಕ್ಕು, ಇನ್ನೊಂದು ಕಡೆ ತಾಯಿಯ ಮಾನ. ಎರಡನ್ನೂ ಒಟ್ಟಿಗೆ ಕಾಪಾಡುವ ಬಗೆಯನ್ನು ೨೦೧೫ರ ಜುಲೈ ೬ರಂದು ಸುಪ್ರೀಂ ಕೋರ್ಟು ಒಂದು ಪ್ರಕರಣದಲ್ಲಿ ತೋರಿಸಿಕೊಟ್ಟಿತು. ಮದುವೆಯಾಗದ ತಾಯಿಯೊಬ್ಬಳು ತಾನೇ ಮಗನ ಪಾಲಕಳಾಗಬೇಕೆಂದು ಕೋರಿದ್ದಳು. ತಂದೆಯ ಹೆಸರು ಹೇಳಲು ಸಿದ್ಧಳಿರಲಿಲ್ಲ. ಕೆಳಗಿನ ನ್ಯಾಯಾಲಯಗಳು ಅರ್ಜಿಯನ್ನು ತಿರಸ್ಕರಿಸಿದ್ದವು. ಸುಪ್ರೀಂ ಕೋರ್ಟು ಆಕೆಯ ಪರವಾಗಿ ತೀರ್ಪಿತ್ತಿತು. ಅವಿವಾಹಿತ ತಾಯಿ ಪ್ರಮಾಣಪತ್ರವೊಂದನ್ನು ಸಲ್ಲಿಸಿದರೆ ತಂದೆಯ ಹೆಸರಿಲ್ಲದೆಯೇ ಮಗುವಿಗೆ ಜನನಪತ್ರ ಕೊಡತಕ್ಕದ್ದೆಂದೂ ವಿಧಿಸಿತು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ತನ್ನ ತಂದೆ ಯಾರೆಂದು ತಿಳಿಯುವುದು ಮಗುವಿನ ಹಕ್ಕೆಂದು ನ್ಯಾಯಮೂರ್ತಿಗಳು ಆಕೆಗೆ ಮನದಟ್ಟು ಮಾಡಿಕೊಟ್ಟರು. ಆಕೆ ಹೆಸರನ್ನೂ ಕೆಲವು ವಿವರಗಳನ್ನೂ ಅವರಿಗಷ್ಟೇ ತಿಳಿಸಿದಳು. ಅದನ್ನು ಬರೆದು, ಲಕೋಟೆಯಲ್ಲಿಟ್ಟು, ಮೊಹರು ಹಾಕಿ, ನ್ಯಾಯಾಲಯದ ಅಪ್ಪಣೆಯಿಲ್ಲದೆ ತೆರೆಯಬಾರದೆಂದು ಇರಿಸಿದರು.

ಆ ಲಕೋಟೆಯ ಬಗ್ಗೆ ಓದಿದಂದಿನಿಂದ ನಮಗೆ ಇದು ನಮ್ಮ ಮನೆಗಳಿಗೂ ತಕ್ಕ ಉಪಾಯವೆಂದು ಅನ್ನಿಸುತ್ತಲೇ ಇದೆ. ಹತ್ತು ಪ್ರಯೋಗಾಲಯ, ನೂರು ಕಡತಗಳಿಂದಲೂ ಸಿಗದ ಉತ್ತರ ಎಷ್ಟೋ ಕಡೆ ಎಂಬತ್ತು ದಾಟಿದ ಒಬ್ಬ ಅಜ್ಜಿಯ ಬಾಯಲ್ಲಿದೆ. ಹೆರಿಗೆ ಮಾಡಿಸಿದ ಸೂಲಗಿತ್ತಿಗೆ ಗೊತ್ತಿತ್ತು, ಆಕೆ ತೀರಿಕೊಂಡಳು. ಮಗುವನ್ನು ಎತ್ತಿಕೊಂಡು ಹೋಗಿ ಒಪ್ಪಿಸಿದ ದೊಡ್ಡಪ್ಪನಿಗೆ ಗೊತ್ತಿತ್ತು, ಅವನೂ ಹೋದ. ಉಳಿದವಳು ಈ ಅಜ್ಜಿ. ಆಕೆ ಹೇಳದಿರುವುದಕ್ಕೆ ಕಾರಣ ಕೆಡುಕುತನವಲ್ಲ, ಭಯ. ಹೆಸರು ಹೊರಬಿದ್ದರೆ ಆ ಮನೆಯ ಮಕ್ಕಳು ಏನೆಂದಾರು, ಆಸ್ತಿಯ ಜಗಳ ಹುಟ್ಟೀತೇ, ಮಗಳ ಹೆಸರು ಊರ ಬಾಯಿಗೆ ಬಿದ್ದೀತೇ ಎಂಬ ಅಳುಕು.

ಆಸ್ತಿಯ ಭಯಕ್ಕೆ ಕಾನೂನು ತಕ್ಕಮಟ್ಟಿಗೆ ಉತ್ತರ ಹೇಳಿದೆ. ನಮ್ಮ ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಮತ್ತು ಮಲ್ಲಿಕಾರ್ಜುನ ಎಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೨೦೧೧ರಲ್ಲಿ, ತಂದೆತಾಯಿಯರ ಸಂಬಂಧ ಕಾನೂನಿಗೆ ಒಪ್ಪದಿದ್ದರೂ ಹುಟ್ಟಿದ ಮಗು ನಿರಪರಾಧಿ ಎಂದಿತು. ೨೦೨೩ರ ಸೆಪ್ಟೆಂಬರ್ ೧ರಂದು ಹಿರಿಯ ಪೀಠ ಅದನ್ನು ಇತ್ಯರ್ಥಪಡಿಸಿ, ಅಸಿಂಧುವಾದ ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೆ ತಂದೆತಾಯಿಯರ ಸ್ವಂತದ ಪಾಲಿನಲ್ಲಿ ಹಕ್ಕುಂಟು, ಅವಿಭಕ್ತ ಕುಟುಂಬದ ಇತರರ ಪಾಲಿನಲ್ಲಿ ಇಲ್ಲ ಎಂದು ಗೆರೆ ಎಳೆಯಿತು. ಮದುವೆಯ ಶಾಸ್ತ್ರವೇ ನಡೆಯದ ಸಂಬಂಧಕ್ಕೆ ಈ ತೀರ್ಪು ತಾನಾಗಿ ಅನ್ವಯಿಸದೆಂಬುದನ್ನೂ ತಿಳಿದಿರಬೇಕು. ದತ್ತು ಹೋದವನಿಗಂತೂ ಹೆತ್ತ ಮನೆಯ ಆಸ್ತಿಯಲ್ಲಿ ಹೊಸದಾಗಿ ಹಕ್ಕು ಹುಟ್ಟುವುದೇ ಇಲ್ಲ. ಹೆಸರು ತಿಳಿದ ಕೂಡಲೇ ಹೊಲದ ಬದು ಅಲುಗಾಡುತ್ತದೆಂಬ ಹೆದರಿಕೆ ಬಹುಮಟ್ಟಿಗೆ ಪೊಳ್ಳು.

ಮಾನದ ಭಯಕ್ಕೆ ಲಕೋಟೆಯೇ ಮದ್ದು. ಹೇಳಲಾರದ ತಾಯಂದಿರು, ಅಜ್ಜಿಯರು ಬರೆದಿಡಲಿ. ಬರೆಯಲಾರದವರು ನಂಬಿಕೆಯ ಒಬ್ಬರ ಕೈಯಲ್ಲಿ ಬರೆಸಿ ಹೆಬ್ಬೆಟ್ಟು ಒತ್ತಲಿ. ತಂದೆಯ ಹೆಸರು, ಅವನ ತಂದೆಯ ಹೆಸರು, ಆಗಿನ ಊರು, ಆಗಿನ ತಾಲ್ಲೂಕು, ಮಗು ಹುಟ್ಟಿದ ಹೆಚ್ಚುಕಡಮೆ ತಿಂಗಳು, ಗೊತ್ತಿದ್ದರೆ ಆ ಮನೆಯ ಕಾಯಿಲೆಗಳು, ಇಷ್ಟಿದ್ದರೆ ಸಾಕು. ಹೇಗಾಯಿತು, ಯಾಕಾಯಿತು ಎಂಬುದನ್ನು ಬರೆಯಬೇಕೆಂದಿಲ್ಲ. ದಿನಾಂಕ ಹಾಕಿ, ಅಂಟಿಸಿ, ಅಂಟಿನ ಮೇಲೆ ಸಹಿ ಹಾಕಿ, ಮಗುವಿನ ಹೆಸರನ್ನು ಮಾತ್ರ ಹೊರಗೆ ಬರೆದು ವಕೀಲರಲ್ಲಿಯೋ, ಗುರುಗಳಲ್ಲಿಯೋ, ದತ್ತು ತಂದ ತಂದೆತಾಯಿಯರಲ್ಲಿಯೋ ಒಪ್ಪಿಸಬಹುದು. ಅದನ್ನು ತೆರೆಯುವ ಅಧಿಕಾರ ಹದಿನೆಂಟು ತುಂಬಿದ ಆ ಮಗುವಿಗೆ ಮಾತ್ರ. ತೆರೆಯದೆ ಇಟ್ಟುಕೊಳ್ಳುವ ಅಧಿಕಾರವೂ ಅದಕ್ಕೇ ಸೇರಿದ್ದು. ಲಕೋಟೆಯನ್ನು ಪಡೆದವರು ಬೆಳಕಿಗೆ ಹಿಡಿದು ಓದಲು ಯತ್ನಿಸಬಾರದೆಂದು ಬೇರೆ ಹೇಳಬೇಕಾಗಿಲ್ಲ; ಆದರೂ ದಪ್ಪ ಕಾಗದದ ಲಕೋಟೆಯನ್ನೇ ಬಳಸುವುದು ಒಳ್ಳೆಯದು.